ಟ್ರೇಲರ್ ಎಳೆಯುವ ಮುಂಚೆ ತೂಕ ಹಾಕಿಸಿದ ಕಥೆ

ಈ ಬೇಸಿಗೆಯಲ್ಲಿ ನಾವು ಡಾಲಸ್‌ನಿಂದ ಕೊಲರಾಡೊಗೆ ಫಿಫ್ತ್ ವೀಲ್ ಟ್ರೇಲರ್ ಎಳೆದುಕೊಂಡು ಹೋಗಿಬಂದೆವು. ಪ್ರವಾಸದ ಕಥೆ ಇನ್ನೊಮ್ಮೆ ಬರೆಯುತ್ತೇನೆ. ಹೊರಡುವ ಮುಂಚೆ ಟ್ರಕ್ಕು, ಟ್ರೇಲರು ಎರಡನ್ನೂ ತೂಕ ಹಾಕಿಸಿ ಲೆಕ್ಕ ಹೊಂದಿಸೋದಕ್ಕೆ ನಾವು ಪಟ್ಟ ಪಾಡನ್ನು ಮೊದಲು ಬರೆದುಬಿಡಬೇಕು ಅನ್ನಿಸಿತು. ನಮ್ಮ ಪರಿಚಯದ ಕನ್ನಡದ ಕುಟುಂಬಗಳಲ್ಲೇ ಕೆಲವರು ಆರ್‌ವಿ (ಇಂಥ ಓಡಾಡುವ ಮನೆ) ಕೊಳ್ಳುವ ಯೋಚನೆಯಲ್ಲಿದ್ದಾರೆ. ಅವರೆಲ್ಲ ಕೇಳುವುದು ಒಂದೇ ಪ್ರಶ್ನೆ: "ನಿಮ್ಮ ಟ್ರಕ್ ಎಷ್ಟು ಎಳೆಯುತ್ತೆ?" ಆ ಪ್ರಶ್ನೆಗೆ ಸಿಗುವ ಉತ್ತರ ನಂಬಿ ರಸ್ತೆಗಿಳಿಯಬೇಡಿ ಅಂತ ಹೇಳೋದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಫಿಫ್ತ್ ವೀಲ್ ನೋಡದವರಿಗೆ ಒಂದು ಮಾತು. ಸಾಮಾನ್ಯ ಟ್ರೇಲರನ್ನು ಗಾಡಿಯ ಹಿಂದಿನ ಬಂಪರ್ ಹತ್ತಿರದ ಕೊಕ್ಕೆಗೆ ಕಟ್ಟುತ್ತಾರೆ. ಫಿಫ್ತ್ ವೀಲ್ ಹಾಗಲ್ಲ. ಪಿಕಪ್ ಟ್ರಕ್ಕಿನ ಬೆಡ್ (ಹಿಂದೆ ಸಾಮಾನು ಹೇರುವ ತೊಟ್ಟಿ) ಒಳಗೆ, ಹಿಂದಿನ ಆಕ್ಸಲ್ (ಚಕ್ರಗಳ ಅಚ್ಚು) ನೇರಕ್ಕೆ, ಒಂದು ಹಿಚ್ ಕೂರಿಸಿರುತ್ತಾರೆ. ಟ್ರೇಲರಿನ ಮೂತಿಯಿಂದ ಇಳಿಬಿದ್ದ ದಪ್ಪ ಕಿಂಗ್‌ಪಿನ್ ಅದರಲ್ಲಿ ಕೂತು ಲಾಕ್ ಆಗುತ್ತೆ. ದೊಡ್ಡ ಲಾರಿಗಳ ಟ್ರೇಲರ್ ಇರುವುದೂ ಹೀಗೇ. ಗಾಳಿಗೆ ಅಲ್ಲಾಡುವುದು ಕಡಿಮೆ, ಓಡಿಸೋದು ಸಲೀಸು. ಆದರೆ ಟ್ರೇಲರ್ ತೂಕದ ಒಂದು ಪಾಲು ಸೀದಾ ಟ್ರಕ್ಕಿನ ಬೆನ್ನ ಮೇಲೆ ಬೀಳುತ್ತದೆ. ಇದಕ್ಕೆ ಪಿನ್ ವೇಟ್ ಅನ್ನುತ್ತಾರೆ. ಒಟ್ಟು ಟ್ರೇಲರ್ ತೂಕದಲ್ಲಿ ಶೇಕಡಾ 15ರಿಂದ 25ರಷ್ಟು ಇರುತ್ತದೆ. ನಮ್ಮ ಗೋಳೆಲ್ಲ ಹುಟ್ಟಿದ್ದು ಇಲ್ಲೇ.

ಟ್ರಕ್ ನಮ್ಮ ಹತ್ತಿರ ಮೊದಲೇ ಇತ್ತು. ಮುಕ್ಕಾಲು ಟನ್ ವರ್ಗದ (ಅದು ವರ್ಗದ ಹೆಸರಷ್ಟೇ, ಹೊರುವ ತೂಕವಲ್ಲ) ಡೀಸೆಲ್ ಪಿಕಪ್, ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್. ಟ್ರೇಲರ್ ಮಾತ್ರ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡೆವು. ಮಾರಿದ ಮನುಷ್ಯ ನಮ್ಮ ಟ್ರಕ್ಕಿನ ಸುತ್ತ ಒಂದು ಸುತ್ತು ಬಂದು, "ಡೀಸೆಲ್ ಅಲ್ವಾ, ಇದನ್ನು ಹೂವಿನ ಹಾಗೆ ಎಳೆಯುತ್ತೆ" ಅಂದ. ಟ್ರಕ್ಕಿನ ಬ್ರೋಷರ್ ಕೂಡ ಹಾಗೇ ಹೇಳುತ್ತಿತ್ತು. ಫಿಫ್ತ್ ವೀಲ್ ಆದರೆ 14,000 ಪೌಂಡ್‌ವರೆಗೆ ಎಳೆಯಬಹುದು ಅಂತ. ಟ್ರೇಲರಿನ ಗರಿಷ್ಠ ಮಿತಿ 11,900 ಪೌಂಡ್. ಮೇಲ್ನೋಟಕ್ಕೆ ಎಲ್ಲ ಸರಿ.

ನಮ್ಮ ಮನೆಯಲ್ಲಿ ಲೆಕ್ಕಪತ್ರ ನೋಡುವವಳು ನಾನು, ಗಾಡಿ ಓಡಿಸುವವರು ನಮ್ಮವರು. ಡ್ರೈವರ್ ಬಾಗಿಲು ತೆಗೆದು, ಪಕ್ಕದ ಕಂಬದ ಮೇಲೆ ಅಂಟಿಸಿರುವ ಹಳದಿ ಪಟ್ಟಿಯ ಚೀಟಿ ಓದಿದೆ. ಜನ ಮತ್ತು ಸಾಮಾನು ಸೇರಿ 2,380 ಪೌಂಡ್ ಮೀರಬಾರದು ಅಂತ ಇತ್ತು. ಇದೇ ಪೇಲೋಡ್. ಪಕ್ಕದ ಇನ್ನೊಂದು ಚೀಟಿಯಲ್ಲಿ ಜಿವಿಡಬ್ಲ್ಯುಆರ್ 10,000 ಪೌಂಡ್, ಅಂದರೆ ಸುಮಾರು 4,536 ಕೆಜಿ. ಟ್ರಕ್ ತಾನು, ತನ್ನೊಳಗಿನ ಜನ, ಬೆಡ್ಡಿನ ಸಾಮಾನು, ಬೆನ್ನ ಮೇಲಿನ ಪಿನ್ ವೇಟ್ ಎಲ್ಲ ಸೇರಿ ಇಷ್ಟರೊಳಗೆ ಇರಬೇಕು. ಮುಂದಿನ ಆಕ್ಸಲ್ ಮಿತಿ 5,200, ಹಿಂದಿನದು 6,340. ಬಾಗಿಲ ಚೀಟಿಗಳ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಒಂದೇ ಮಾಡೆಲ್, ಒಂದೇ ವರ್ಷದ ಎರಡು ಟ್ರಕ್ಕುಗಳ ಪೇಲೋಡ್ ಬೇರೆ ಬೇರೆ ಇರುತ್ತದೆ. ಸನ್‌ರೂಫ್, ಚರ್ಮದ ಸೀಟು, ಡೀಸೆಲ್ ಎಂಜಿನ್ ಎಲ್ಲ ತೂಕವೇ ತಾನೆ. ಆದ್ದರಿಂದ ಇಂಟರ್ನೆಟ್ಟಿನಲ್ಲಿ ಸಿಗುವ ಅಂಕಿ ಬೇಡ, ನಿಮ್ಮ ಬಾಗಿಲ ಚೀಟಿಯೇ ಬೇಕು. ಕೊಂಡ ಮೇಲೆ ನೀವು ಹಾಕಿಸಿದ ಬೆಡ್ ಕವರ್, ಮೆಟ್ಟಿಲು ಯಾವುದೂ ಆ ಚೀಟಿಯ ಲೆಕ್ಕಕ್ಕೆ ಬಂದಿರುವುದಿಲ್ಲ.

ಬ್ರೋಷರಿನ 14,000 ಎಲ್ಲಿಂದ ಬಂತು ಅಂತ ಕೇಳಬಹುದು. ಎಳೆಯುವ ಶಕ್ತಿ ಅಳೆಯಲು ಇಲ್ಲಿ ಎಸ್‌ಎಇ ಜೆ2807 ಅಂತ ಒಂದು ಮಾನದಂಡ ಇದೆ. ಅದರಲ್ಲಿ ಟ್ರಕ್ಕಿನೊಳಗೆ ಡ್ರೈವರ್ ಮತ್ತು ಇನ್ನೊಬ್ಬರು, ತಲಾ 150 ಪೌಂಡ್ ಅಂತ ಹಿಡಿಯುತ್ತಾರೆ. ನಾಲ್ಕೈದು ಜನರ ಸಂಸಾರ, ಕೂಲರ್, ಜನರೇಟರ್ ಯಾವುದೂ ಅದರಲ್ಲಿಲ್ಲ. ಟ್ರೇಲರಿನ ಬ್ರೋಷರೂ ಅಷ್ಟೇ. 9,050 ಪೌಂಡ್ ಡ್ರೈ ವೇಟ್, 1,620 ಪಿನ್ ವೇಟ್ ಅಂತ ಬರೆದಿದ್ದರು. ಅದು ನೀರಿಲ್ಲದ, ಗ್ಯಾಸಿಲ್ಲದ, ಒಂದು ಚಮಚವೂ ಇಲ್ಲದ ಟ್ರೇಲರಿನ ತೂಕ. ಹಾಗೆ ಯಾರೂ ಪ್ರವಾಸ ಹೋಗುವುದಿಲ್ಲ.

ಅದೇ ಹೊತ್ತಿಗೆ ಮಂಡ್ಯ ಕಡೆಯಿಂದ ಅಪ್ಪ ಅಮ್ಮ ಬಂದರು. ಅವರನ್ನೂ ಕರೆದುಕೊಂಡು ಹೋಗುವುದು ಅಂತಲೇ ಈ ಟ್ರೇಲರ್ ತೆಗೆದುಕೊಂಡದ್ದು. ವಯಸ್ಸಾದವರಿಗೆ ದಾರಿಯಲ್ಲಿ ಸ್ವಂತ ಬಚ್ಚಲು, ಸ್ವಂತ ಹಾಸಿಗೆ, ಬೇಕೆಂದಾಗ ಬಿಸಿ ಅನ್ನ ಇದ್ದರೆ ಎಷ್ಟು ನೆಮ್ಮದಿ ಅಲ್ವಾ? ನಾವಿಬ್ಬರು, ಮಗಳು, ಅಪ್ಪ, ಅಮ್ಮ. ಐದು ಜನ. ಎಲ್ಲರ ತೂಕ ಬೇಕಿತ್ತು.

ಬಚ್ಚಲಿನ ತೂಕದ ಮಷೀನ್ ತಂದು ಹಾಲ್‌ನಲ್ಲಿ ಇಟ್ಟೆ. ಮಗಳು ಓಡಿಬಂದು ಹತ್ತಿದಳು. ಅಪ್ಪನೂ ಹತ್ತಿದರು. ಅಮ್ಮ ಅಡುಗೆ ಮನೆ ಬಿಟ್ಟು ಬರಲೇ ಇಲ್ಲ. "ನನ್ನ ತೂಕ ಕಟ್ಕೊಂಡು ನಿಂಗೇನಾಗ್ಬೇಕವ್ವ? ವಯಸ್ಸಾದೋರ್ನ ತೂಗ್ಬಾರ್ದು" ಅಂದರು. ನಾನು ಕೂತು ವಿವರಿಸಿದೆ. ಬ್ರೇಕ್ ಹಿಡಿಯೋದು, ಟೈರ್ ತಾಳೋದು ಎಲ್ಲ ಈ ಲೆಕ್ಕದ ಮೇಲೆ ನಿಂತಿದೆ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಬಂದರು. ಕಾಲಿನ ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ನನ್ನ ಭುಜ ಹಿಡಿದುಕೊಂಡು ಮಷೀನ್ ಮೇಲೆ ನಿಂತರು. "ಕೈ ಬಿಡಮ್ಮ, ಹಿಡಿದುಕೊಂಡರೆ ಸರಿಯಾಗಿ ತೋರಿಸಲ್ಲ" ಅಂದಾಗ ಕಣ್ಣು ಮುಚ್ಚಿಕೊಂಡು ಕೈ ಬಿಟ್ಟರು. ಐದೂ ಜನರದ್ದು ಸೇರಿ 670 ಪೌಂಡ್ ಆಯಿತು.

ಕಾಗದದ ಮೇಲೆ ಲೆಕ್ಕ ಹಾಕಿದೆ. 2,380ರಲ್ಲಿ ಜನ 670 ಕಳೆಯಿರಿ. ಬೆಡ್ಡಿನಲ್ಲಿ ಕೂತಿರುವ ಹಿಚ್ 150. ಜನರೇಟರ್, ಸಲಕರಣೆ ಪೆಟ್ಟಿಗೆ, ಸೌದೆ ಸೇರಿ 180. ಉಳಿದದ್ದು 1,380. ಬ್ರೋಷರಿನ ಖಾಲಿ ಪಿನ್ ವೇಟೇ 1,620. ಅಂದರೆ ಒಂದು ತಟ್ಟೆ ಕೂಡ ತುಂಬದೆಯೇ ನಾವು ಮಿತಿ ದಾಟಿದ್ದೆವು. ಆ ರಾತ್ರಿ ನನಗೆ ನಿದ್ದೆ ಸರಿಯಾಗಿ ಬರಲಿಲ್ಲ. ಟ್ರೇಲರಿಗೆ ದುಡ್ಡು ಕೊಟ್ಟಾಗಿತ್ತು, ಕ್ಯಾಂಪ್ ಜಾಗಗಳನ್ನು ಕಾದಿರಿಸಿ ಆಗಿತ್ತು.

ಕೇಳಿದವರೆಲ್ಲ ಒಂದೊಂದು ಹೇಳಿದರು. "ಎಲ್ಲರೂ ಹೀಗೇ ಎಳೀತಾರೆ, ಏನೂ ಆಗಲ್ಲ." "ಏರ್ ಬ್ಯಾಗ್ ಹಾಕಿಸಿ, ಸರಿಹೋಗುತ್ತೆ." ಇಲ್ಲಿ ಏರ್ ಬ್ಯಾಗ್ ಅಂದರೆ ಹಿಂದಿನ ಸಸ್ಪೆನ್ಷನ್‌ಗೆ ಹಾಕುವ ಗಾಳಿಯ ಚೀಲ. ಅದು ಕುಸಿದ ಟ್ರಕ್ಕಿನ ಹಿಂಭಾಗವನ್ನು ಎತ್ತಿ ಮಟ್ಟಸ ಮಾಡುತ್ತದೆ, ನಿಜ. ಆದರೆ ಬಾಗಿಲ ಚೀಟಿಯ ಅಂಕಿ ಅದರಿಂದ ಒಂದು ಪೌಂಡೂ ಏರುವುದಿಲ್ಲ. ನೋಡೋಕೆ ನೆಟ್ಟಗಿದೆ ಅನ್ನುವುದು ತೂಕ ಸರಿಯಿದೆ ಅನ್ನುವುದಕ್ಕೆ ಸಾಕ್ಷಿ ಅಲ್ಲ. ಕೊನೆಗೆ ನಮ್ಮವರು, "ಊಹೆ ಬೇಡ, ತೂಕ ಹಾಕಿಸಿಯೇ ಬಿಡೋಣ" ಅಂದರು.

ತೂಕ ಹಾಕಿಸುವುದು ಎಲ್ಲಿ? ಹೆದ್ದಾರಿ ಪಕ್ಕದ ದೊಡ್ಡ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಇರುತ್ತದೆ. ಅಯೋವಾ ರಾಜ್ಯದ ವಾಲ್‌ಕಾಟ್‌ನಲ್ಲಿ 1977ರಲ್ಲಿ ಶುರುವಾದ ಕಂಪನಿ, ಈಗ ಅಮೆರಿಕ, ಕೆನಡಾ ಸೇರಿ 2,000ಕ್ಕೂ ಹೆಚ್ಚು ಕಡೆ ಅವರ ತೂಕದ ಕಟ್ಟೆ ಇದೆ. ಲಾರಿಯವರಿಗಾಗಿ ಇರುವುದು, ಆದರೆ ಯಾರು ಬೇಕಾದರೂ ಬಳಸಬಹುದು. ಒಂದು ಸಲಕ್ಕೆ 15 ಡಾಲರ್ ಆಸುಪಾಸು. 24 ಗಂಟೆಯೊಳಗೆ ಅದೇ ಜಾಗದಲ್ಲಿ ಮತ್ತೆ ತೂಗಿಸಿದರೆ ಕೆಲವೇ ಡಾಲರ್. ಈ ಎರಡನೇ ತೂಕ ನಮಗೆ ಬೇಕೇ ಬೇಕು, ಯಾಕೆ ಅಂತ ಮುಂದೆ ಹೇಳುತ್ತೇನೆ. ವೇ ಮೈ ಟ್ರಕ್ ಅನ್ನುವ ಅವರ ಆ್ಯಪ್ ಹಾಕಿಕೊಳ್ಳಿ. ಮನೆಯಲ್ಲೇ ಕೂತು ಹೆಸರು, ಕಾರ್ಡ್ ನಂಬರ್ ಎಲ್ಲ ತುಂಬಿಟ್ಟುಕೊಳ್ಳಿ. ಕಟ್ಟೆಯ ಮೇಲೆ ನಿಂತು ಪಾಸ್‌ವರ್ಡ್ ಹುಡುಕುವ ಹಾಗೆ ಆಗಬಾರದು. ಕಂಪನಿ ಹೆಸರು, ಟ್ರಕ್ ನಂಬರ್ ಕೇಳುತ್ತದೆ. ನಮ್ಮಂಥವರು ಸ್ವಂತ ಹೆಸರು, ಗಾಡಿ ನಂಬರ್ ಹಾಕಿದರೆ ಸಾಕು.

ತೂಗಿಸುವ ದಿನ ಗಾಡಿ ಪ್ರವಾಸಕ್ಕೆ ಹೊರಟ ಹಾಗೆಯೇ ತುಂಬಿರಬೇಕು. ಇಲ್ಲಿ ಒಂದು ತೊಡಕು ಬಂತು. ನಮ್ಮ ಬಡಾವಣೆಯ ಸಂಘದವರು ಮನೆ ಮುಂದೆ ಟ್ರೇಲರ್ ನಿಲ್ಲಿಸೋಕೆ ಬಿಡುವುದಿಲ್ಲ. ಅದಕ್ಕೇ ಊರಾಚೆಯ ಸ್ಟೋರೇಜ್ ಜಾಗದಲ್ಲಿ ತಿಂಗಳ ಬಾಡಿಗೆಗೆ ನಿಲ್ಲಿಸಿದ್ದೆವು. ಸಾಮಾನೆಲ್ಲ ಕಾರಿನಲ್ಲಿ ಹೇರಿಕೊಂಡು ಹೋಗಿ, ಟೆಕ್ಸಸ್ ಬಿಸಿಲಿನಲ್ಲಿ ನೆರಳಿಲ್ಲದ ಜಾಗದಲ್ಲಿ ತುಂಬಬೇಕಾಯಿತು. ಅಕ್ಕಿ ಮೂಟೆ, ಕುಕ್ಕರ್, ಅಮ್ಮ ಬಿಡಲೊಪ್ಪದ ವೆಟ್ ಗ್ರೈಂಡರ್, ಹೊದಿಕೆ, ಮಡಚುವ ಕುರ್ಚಿಗಳು. 30 ಪೌಂಡಿನ ಎರಡು ಗ್ಯಾಸ್ ಸಿಲಿಂಡರ್ ಭರ್ತಿ. ಕುಡಿಯುವ ನೀರಿನ ಟ್ಯಾಂಕ್ 50 ಗ್ಯಾಲನ್, ಅದೂ ಭರ್ತಿ. ಒಂದು ಗ್ಯಾಲನ್ ನೀರು 8.34 ಪೌಂಡ್ ತೂಗುತ್ತದೆ, ಅಲ್ಲಿಗೆ ನೀರೇ 417 ಪೌಂಡ್. ಡೀಸೆಲ್ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿದೆವು.

ಭಾನುವಾರ ಬೆಳಗಾಗುವಷ್ಟರಲ್ಲೇ ಹೊರಟೆವು. ಈ ಹೊತ್ತು ಆರಿಸಿಕೊಂಡದ್ದು ಬಹಳ ಒಳ್ಳೆಯದಾಯಿತು. ವಾರದ ದಿನ ಮಧ್ಯಾಹ್ನ ಹೋದರೆ ಹಿಂದೆ ಹದಿನೆಂಟು ಚಕ್ರದ ಲಾರಿಗಳು ಸಾಲುಗಟ್ಟಿ ನಿಂತಿರುತ್ತವೆ. ಅವರದು ಹೊಟ್ಟೆಪಾಡು, ನಾವು ಅಡ್ಡ ನಿಲ್ಲಬಾರದು.

ಕಟ್ಟೆ ಅಂದರೆ ನೆಲಮಟ್ಟದಲ್ಲಿ ಒಂದರ ಹಿಂದೆ ಒಂದು ಬೇರೆ ಬೇರೆ ಹಲಗೆಗಳು. ಟ್ರಕ್ಕಿನ ಮುಂದಿನ ಚಕ್ರ ಮೊದಲನೆಯದರ ಮೇಲೆ, ಹಿಂದಿನ ಚಕ್ರ ಎರಡನೆಯದರ ಮೇಲೆ, ಟ್ರೇಲರಿನ ಎಲ್ಲ ಚಕ್ರ ಮೂರನೆಯದರ ಮೇಲೆ ನಿಲ್ಲಬೇಕು. ನಾನು ಇಳಿದು, ಬದಿಯಲ್ಲಿ ನಿಂತು ಕೈಸನ್ನೆ ಮಾಡುತ್ತಾ ಹೋದೆ. ಹಲಗೆಗಳ ನಡುವಿನ ಸೀಳು ಕಣ್ಣಿಗೆ ಚೆನ್ನಾಗಿ ಕಾಣುತ್ತದೆ. ಚಕ್ರ ಆ ಸೀಳಿನ ಮೇಲೆ ನಿಂತರೆ ಲೆಕ್ಕ ಕೆಟ್ಟಂತೆ. ಸರಿಯಾಗಿ ನಿಂತ ಮೇಲೆ ನಾನೂ ಓಡಿಹೋಗಿ ಒಳಗೆ ಕೂತೆ. ನನ್ನ ತೂಕವೂ ಬರಬೇಕಲ್ಲ.

ಆ್ಯಪ್ ಆ ಗಳಿಗೆಯಲ್ಲೇ ಸತಾಯಿಸಿತು. ಜಾಗ ಗುರುತಿಸದೆ ಚಕ್ರ ತಿರುಗಿಸುತ್ತಾ ಕೂತಿತು. ಪಕ್ಕದ ಕಂಬದಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಒಳಗಿನವರು ಮಾತಾಡುತ್ತಾರೆ. ಆದರೆ ಅದು ದೊಡ್ಡ ಲಾರಿಯ ಕಿಟಕಿಯ ಎತ್ತರಕ್ಕಿದೆ. ನಮ್ಮವರು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿದರೂ ಎಟುಕಲಿಲ್ಲ. ಕೊನೆಗೆ ಇಳಿದು ಹೋಗಿ ಒತ್ತಿದರು. "ಮೊದಲ ತೂಕವೇ?" ಅಂತ ಸ್ಪೀಕರಿನಲ್ಲಿ ಒಂದು ಹೆಂಗಸಿನ ದನಿ ಕೇಳಿತು. ಹೌದು, ಸ್ವಂತ ಆರ್‌ವಿ ಅಂದರು. ಮತ್ತೆ ಒಳಗೆ ಬಂದು ಕೂತ ಮೇಲೆ ತೂಕ ಹಿಡಿಯಿರಿ ಅಂತ ಕೇಳಿಕೊಂಡೆವು. ಆಕೆ ಬೇಸರವಿಲ್ಲದೆ ಕಾದರು. ನಿಮಿಷದೊಳಗೆ ಮುಗಿಯಿತು. ಗಾಡಿ ಮುಂದೆ ತೆಗೆದು, ಪಕ್ಕಕ್ಕೆ ನಿಲ್ಲಿಸಿ, ಒಳಗೆ ಹೋಗಿ ದುಡ್ಡು ಕೊಟ್ಟು ಚೀಟಿ ತಂದೆವು. ಚೀಟಿಯನ್ನು ಕಟ್ಟೆಯ ಮೇಲೇ ನಿಂತು ಓದುತ್ತಾ ಕೂರಬೇಡಿ.

ಚೀಟಿಯಲ್ಲಿ ಇದ್ದದ್ದು ಇಷ್ಟು. ಮುಂದಿನ ಆಕ್ಸಲ್ 5,080. ಹಿಂದಿನ ಆಕ್ಸಲ್ 5,720. ಟ್ರೇಲರ್ ಚಕ್ರಗಳು 8,740. ಒಟ್ಟು 19,540 ಪೌಂಡ್.

ಇಷ್ಟರಿಂದ ಟ್ರಕ್ಕಿನ ಮೇಲೆ ಒಟ್ಟು ಎಷ್ಟಿದೆ ಅಂತ ಗೊತ್ತಾಗುತ್ತೆ, ಪಿನ್ ವೇಟ್ ಎಷ್ಟು ಅಂತ ಗೊತ್ತಾಗಲ್ಲ. ಅದಕ್ಕೆ ಟ್ರೇಲರ್ ಬಿಚ್ಚಿಟ್ಟು ಬರೀ ಟ್ರಕ್ಕನ್ನು ಮತ್ತೆ ತೂಗಬೇಕು. ಟ್ರೇಲರ್ ಬಿಚ್ಚೋದು ಎಲ್ಲಿ? ಟ್ರಕ್ ಸ್ಟಾಪಿನಲ್ಲಿ ಕೇಳಿದರೆ, ಜಾಗ ಇಲ್ಲ, ಬಿಚ್ಚಿಟ್ಟು ಹೋಗುವ ಹಾಗಿಲ್ಲ ಅಂದರು. ನಮ್ಮ ಸ್ಟೋರೇಜ್ ಜಾಗಕ್ಕೇ ವಾಪಸ್ ಹೋಗಿ ಬಿಚ್ಚಿ ಬಂದೆವು. ನೀವು ಹೋಗುವ ಮುಂಚೆಯೇ ಬಿಚ್ಚಲು ಸಮತಟ್ಟಾದ ಜಾಗ ಎಲ್ಲಿದೆ ಅಂತ ಫೋನ್ ಮಾಡಿ ವಿಚಾರಿಸಿಕೊಳ್ಳಿ. ಬಿಚ್ಚುವಾಗ ಅವಸರ ಬೇಡ. ಮೊದಲು ಟ್ರೇಲರ್ ಚಕ್ರಗಳಿಗೆ ಅಡ್ಡೆ ಕೊಡಿ. ಟ್ರಕ್ಕಿನ ಟೇಲ್‌ಗೇಟ್ (ಬೆಡ್ಡಿನ ಹಿಂಬಾಗಿಲು) ಕೆಳಗಿಳಿಸಿ. ಮುಂದಿನ ಕಾಲುಗಳನ್ನು ನೆಲಕ್ಕೆ ಊರಿ. ಕರೆಂಟಿನ ಪ್ಲಗ್, ಬ್ರೇಕ್‌ಅವೇ ಕೇಬಲ್ (ಟ್ರೇಲರ್ ದಾರಿಯಲ್ಲಿ ಬಿಟ್ಟುಹೋದರೆ ಅದರ ಬ್ರೇಕ್ ಹಿಡಿಸುವ ತಂತಿ) ಕಳಚಿ. ಆಮೇಲೆ ಹಿಚ್ಚಿನ ಹಿಡಿ ಎಳೆದು ಮೆಲ್ಲಗೆ ಮುಂದೆ ಹೋಗಿ. ಟೇಲ್‌ಗೇಟ್ ಏರಿಸಿಯೇ ಇದ್ದು ಮುಂದೆ ಹೋದರೆ ಕಿಂಗ್‌ಪಿನ್ ಅದನ್ನು ಕಿತ್ತೇ ಹಾಕುತ್ತದೆ.

ಟ್ರೇಲರ್ ಇಲ್ಲದ ಟ್ರಕ್ಕಿನಲ್ಲಿ ಅದೇ ಐದು ಜನ ಕೂತು, ಅದೇ ಕಟ್ಟೆಗೆ ಹೋದೆವು. ಮುಂದೆ 5,020, ಹಿಂದೆ 3,600. ಒಟ್ಟು 8,620.

ನಾನು ಚೀಟಿಗಳನ್ನು ಬಾನೆಟ್ ಮೇಲೆ ಇಟ್ಟು ಕ್ಯಾಲ್ಕ್ಯುಲೇಟರ್ ತೆಗೆಯುವಷ್ಟರಲ್ಲಿ ಅಪ್ಪ ನಕ್ಕರು. ಅವರು ಮೊದಲಿಂದಲೂ ಎಲ್ಲ ನೋಡುತ್ತಾ ನಿಂತಿದ್ದರು. "ಇದು ನಮ್ ಫ್ಯಾಕ್ಟ್ರಿ ವೇ ಬ್ರಿಡ್ಜೇ ಅಲ್ವೇನವ್ವ? ಕಬ್ಬು ತುಂಬ್ಕೊಂಡು ಹೋದಾಗ ಒಂದ್ಸಲ ತೂಗ್ತಾರೆ. ಇಳಿಸಿ ಬರೋವಾಗ ಖಾಲಿ ಗಾಡಿ ತೂಗ್ತಾರೆ. ಕಳೆದ್ರೆ ಕಬ್ಬಿನ ತೂಕ" ಅಂದರು. ಅಷ್ಟೇ ಲೆಕ್ಕ. ಟ್ರೇಲರ್ ಕಟ್ಟಿದಾಗ ಟ್ರಕ್ಕಿನ ಎರಡು ಆಕ್ಸಲ್ ಸೇರಿ 10,800. ಬಿಚ್ಚಿದಾಗ 8,620. ವ್ಯತ್ಯಾಸ 2,180, ಅದೇ ಪಿನ್ ವೇಟ್. ಒಟ್ಟು 19,540ರಿಂದ 8,620 ಕಳೆದರೆ 10,920, ಅದು ಟ್ರೇಲರಿನ ಪೂರ್ತಿ ತೂಕ. ಪಿನ್ ವೇಟ್ ಅದರ ಶೇಕಡಾ 20.

ಈಗ ಮಿತಿಗಳ ಜೊತೆ ಹೋಲಿಸಿ ನೋಡಿ. ಮುಂದಿನ ಆಕ್ಸಲ್ ಮಿತಿಯೊಳಗೆ. ಹಿಂದಿನ ಆಕ್ಸಲ್ ಮಿತಿಯೊಳಗೆ. ಟ್ರೇಲರ್ ಮಿತಿಯೊಳಗೆ. ಟ್ರಕ್ಕು ಟ್ರೇಲರು ಸೇರಿದ ಒಟ್ಟು ತೂಕದ ಮಿತಿ ನಮ್ಮದು 23,000, ಅದರೊಳಗೂ ಧಾರಾಳ ಜಾಗ. ಟ್ರಕ್ಕಿನ ಸ್ವಂತ ಮಿತಿ 10,000 ಮಾತ್ರ 800 ಪೌಂಡ್ ಮೀರಿತ್ತು. ಸುಮಾರು 360 ಕೆಜಿ. ನಮ್ಮ ಐದು ಜನರ ತೂಕಕ್ಕಿಂತ ಜಾಸ್ತಿ.

ನಮ್ಮವರು ಬಹಳ ಹೊತ್ತು ಮಾತಾಡಲಿಲ್ಲ. ಮುಕ್ಕಾಲು ಟನ್ ಡೀಸೆಲ್ ಟ್ರಕ್ಕುಗಳಲ್ಲಿ ಇದು ತುಂಬ ಸಾಮಾನ್ಯ. ಎಂಜಿನ್ನಿಗೆ ಶಕ್ತಿ ಬೇಕಾದಷ್ಟಿರುತ್ತದೆ, ಎಂಜಿನ್ ತೂಕವೇ ಪೇಲೋಡ್ ತಿಂದುಹಾಕಿರುತ್ತದೆ. ಆಕ್ಸಲ್ ಮಿತಿ ಮೀರಿಲ್ಲವಲ್ಲ, ಅಷ್ಟು ಸಾಕು ಅಂತ ವಾದಿಸುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಬ್ರೇಕು, ಚಾಸಿ, ಸಸ್ಪೆನ್ಷನ್ ಎಲ್ಲ ನೋಡಿಯೇ ತಯಾರಕರು ಒಂದು ಅಂಕಿ ಬರೆದು ಬಾಗಿಲಿಗೆ ಅಂಟಿಸಿದ್ದಾರೆ. ಹಿಂದಿನ ಸೀಟಿನಲ್ಲಿ ಮಗಳನ್ನೂ ಹೆತ್ತವರನ್ನೂ ಕೂರಿಸಿಕೊಂಡು, ಎದುರಿಗೆ ಬರುವವರ ಸಂಸಾರವೂ ಇರುವ ರಸ್ತೆಯಲ್ಲಿ, ಆ ಅಂಕಿಯನ್ನು ಗೊತ್ತಿದ್ದೂ ದಾಟುವುದಕ್ಕೆ ನನ್ನ ಮನಸ್ಸು ಒಪ್ಪಲಿಲ್ಲ. ನಮ್ಮವರೂ ಹಾಗೇ ಹೇಳಿದರು.

ಆಮೇಲೆ ಶುರುವಾಯಿತು ಇಳಿಸುವ ಕೆಲಸ. ಬೆಡ್ಡಿನ ಜನರೇಟರ್, ಪೆಟ್ಟಿಗೆ, ಸೌದೆ ಎಲ್ಲ ಮನೆಗೆ ಹೋದವು. 180 ಪೌಂಡ್ ಉಳಿಯಿತು. ಕಬ್ಬಿಣದ ಹಿಚ್ ತೆಗೆಸಿ, ಅಲ್ಯೂಮಿನಿಯಮ್ಮಿನ ಹಗುರ ಹಿಚ್ ಹಾಕಿಸಿದೆವು. ಅದು 40 ಪೌಂಡ್ ಅಷ್ಟೇ, ಇನ್ನೊಂದು 110 ಉಳಿಯಿತು. ಇದಕ್ಕೆ ದುಡ್ಡು ಚೆನ್ನಾಗಿಯೇ ಬಿತ್ತು. ಹಗುರ ಹಿಚ್ ತೆಗೆದುಕೊಳ್ಳುವವರು ನಿಮ್ಮ ಟ್ರೇಲರ್ ತೂಕವನ್ನು ಅದು ತಾಳುತ್ತದಾ, ಟ್ರೇಲರ್ ತಯಾರಕರು ಅದನ್ನು ಒಪ್ಪುತ್ತಾರಾ ಅಂತ ಮೊದಲು ಬರಹದಲ್ಲಿ ಕೇಳಿ.

ಟ್ರೇಲರಿನೊಳಗೆ ಹಂಚಿಕೆಯೇ ಮುಖ್ಯ. ಮೂತಿಯ ಕೆಳಗೆ ಒಂದು ದೊಡ್ಡ ಗೂಡು ಇರುತ್ತದೆ. ಅನುಕೂಲ ಅಂತ ಎಲ್ಲರೂ ಭಾರದ ಸಾಮಾನೆಲ್ಲ ಅಲ್ಲೇ ತುರುಕುತ್ತಾರೆ. ಅಲ್ಲಿ ಇಟ್ಟದ್ದೆಲ್ಲ ಸೀದಾ ಪಿನ್ ಮೇಲೆ ಬೀಳುತ್ತದೆ. ಕುರ್ಚಿಗಳು, ಅಕ್ಕಿ, ಡಬ್ಬಗಳನ್ನು ಚಕ್ರದ ನೇರಕ್ಕೆ ಬರುವ ಕಪಾಟುಗಳಿಗೆ ಸರಿಸಿದೆವು. ನಮ್ಮ ನೀರಿನ ಟ್ಯಾಂಕ್ ಚಕ್ರಗಳಿಗಿಂತ ಮುಂದಿದೆ, ಹಾಗಾಗಿ 10 ಗ್ಯಾಲನ್ ಮಾತ್ರ ಇಟ್ಟುಕೊಂಡು ಉಳಿದದ್ದು ಚೆಲ್ಲಿದೆವು. ಕ್ಯಾಂಪ್ ಜಾಗದಲ್ಲಿ ನಲ್ಲಿ ಇರುತ್ತದೆ, ನೀರು ಹೊತ್ತುಕೊಂಡು ಹೋಗಬೇಕಿಲ್ಲ. ನಿಮ್ಮ ಟ್ಯಾಂಕ್ ಚಕ್ರದ ಹಿಂದಿದ್ದರೆ ಲೆಕ್ಕ ತಿರುಗುಮುರುಗು, ನೋಡಿಕೊಳ್ಳಿ. ಪಿನ್ ವೇಟ್ ಇಳಿಸಬೇಕು ಅಂತ ಎಲ್ಲವನ್ನೂ ಹಿಂದಕ್ಕೆ ತುಂಬಬೇಡಿ. ಶೇಕಡಾ 15ಕ್ಕಿಂತ ಕೆಳಗೆ ಹೋದರೆ ಟ್ರೇಲರ್ ಓಲಾಡಲು ಶುರುಮಾಡುತ್ತದೆ, ಅದು ಇನ್ನೂ ಅಪಾಯ. ಗ್ರೈಂಡರ್ ಬಿಟ್ಟುಹೋಗುವುದಕ್ಕೆ ಅಮ್ಮ ತಾವಾಗಿಯೇ ಒಪ್ಪಿದರು. "ಹಿಟ್ಟು ರುಬ್ಕೊಂಡೇ ಹೋಗೋಣ" ಅಂದರು.

ಇದೇ ಸಮಯದಲ್ಲಿ ಟೈರ್ ನೋಡಿದೆವು. ಟ್ರೇಲರ್ ಟೈರಿನ ಪಕ್ಕೆಯಲ್ಲಿ ಡಾಟ್ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. ನಮ್ಮದು 2317. ಅಂದರೆ 2017ರ 23ನೇ ವಾರ. ಮೇಲ್ಮೈ ಗಟ್ಟಿಯಾಗಿ ಕಾಣುತ್ತಿತ್ತು, ಸವೆಯದೆ ಗೀರುಗಳು ಇನ್ನೂ ಆಳವಾಗಿದ್ದವು. ಆದರೆ ನಿಂತಲ್ಲೇ ನಿಂತು, ಬಿಸಿಲು ತಿಂದು ಟ್ರೇಲರ್ ಟೈರ್ ಒಳಗಿಂದ ಕೆಡುತ್ತದೆ. ನಾಲ್ಕೂ ಬದಲಾಯಿಸಿದೆವು. ಎಸ್‌ಟಿ225/75ಆರ್15, ಲೋಡ್ ರೇಂಜ್ ಇ. 80 ಪಿಎಸ್‌ಐ ಗಾಳಿಗೆ ಒಂದೊಂದು 2,830 ಪೌಂಡ್ ತಾಳುತ್ತದೆ. ಪಕ್ಕೆಯ ಮೇಲೆ ಬೇರೆ ಹೇಳದಿದ್ದರೆ ಎಸ್‌ಟಿ (ಟ್ರೇಲರಿಗೆಂದೇ ಮಾಡಿದ) ಟೈರುಗಳಿಗೆ ಗಂಟೆಗೆ 65 ಮೈಲಿಯೇ ಗಡಿ. ಟೆಕ್ಸಸ್‌ನ 75 ಮೈಲಿ ಹೆದ್ದಾರಿಯಲ್ಲಿ ಹಿಂದಿನವರು ಎಷ್ಟೇ ಹಾರ್ನ್ ಹೊಡೆಯಲಿ, ಬಲಗಡೆ ಸಾಲಿನಲ್ಲೇ ಇರಿ.

ಇಷ್ಟೆಲ್ಲ ಮಾಡಿದ ಮೇಲೆ ಲೆಕ್ಕ ಹಾಕಿದರೂ 130 ಪೌಂಡ್ ಜಾಸ್ತಿಯೇ ಬರುತ್ತಿತ್ತು. ಸಾಮಾನಿನಲ್ಲಿ ಇನ್ನು ತೆಗೆಯುವಂಥದ್ದು ಏನೂ ಉಳಿದಿರಲಿಲ್ಲ. ಆಗ ಕಣ್ಣಿಗೆ ಬಿದ್ದದ್ದು ಜನರ ಸಾಲು. ನಮ್ಮದಕ್ಕಿಂತ ಮೇಲಿನ, ಒಂದು ಟನ್ ವರ್ಗದ ಟ್ರಕ್ಕಿಗೆ ಬದಲಾಯಿಸಲು ವಿಚಾರಿಸಿದೆವು. ನಮ್ಮ ಟ್ರಕ್ಕಿಗೆ ಕೊಡುತ್ತೇವೆ ಅಂದ ಬೆಲೆ, ಅವರು ಕೇಳಿದ ಬೆಲೆ ನೋಡಿ ಅವಸರದಲ್ಲಿ ಬೇಡ ಅನ್ನಿಸಿತು. ಕೊನೆಗೆ ಎರಡು ಗಾಡಿಯಲ್ಲಿ ಹೋಗುವುದು ಅಂತ ತೀರ್ಮಾನವಾಯಿತು. ಟ್ರಕ್ಕಿನಲ್ಲಿ ನಮ್ಮವರು ಮತ್ತು ಅಪ್ಪ. ಹಿಂದೆ ಕಾರಿನಲ್ಲಿ ನಾನು, ಅಮ್ಮ, ಮಗಳು. ಪೆಟ್ರೋಲ್ ಖರ್ಚು ಬೇರೆ, ಅಷ್ಟು ದೂರ ನಾನೊಬ್ಬಳೇ ಕಾರು ಓಡಿಸಬೇಕು. ಬೇಸರ ಆಯಿತು, ಸುಳ್ಳು ಹೇಳುವುದಿಲ್ಲ. ಒಂದೇ ಗಾಡಿಯಲ್ಲಿ ಹರಟೆ ಹೊಡೆಯುತ್ತಾ ಹೋಗಬೇಕು ಅಂತ ಎಷ್ಟು ಆಸೆಪಟ್ಟಿದ್ದೆವು.

ಮತ್ತೆ ಕಟ್ಟೆಗೆ ಹೋದೆವು. ಈ ಸಲ ಆ್ಯಪ್ ಕೈಕೊಡಲಿಲ್ಲ. ಚೀಟಿ ಇಮೇಲ್‌ಗೇ ಬಂತು. ಮುಂದೆ 4,960, ಹಿಂದೆ 4,820, ಟ್ರೇಲರ್ ಚಕ್ರ 8,500. ಟ್ರಕ್ಕಿನ ಮೇಲೆ ಒಟ್ಟು 9,780. ಮಿತಿಗಿಂತ 220 ಪೌಂಡ್ ಕಡಿಮೆ. ಬಿಚ್ಚಿ ತೂಗಿದಾಗ ಟ್ರಕ್ 7,980. ಪಿನ್ ವೇಟ್ 1,800, ಟ್ರೇಲರ್ 10,300, ಅಂದರೆ ಶೇಕಡಾ 17.5. ಅಪ್ಪ ಚೀಟಿಯನ್ನು ಕನ್ನಡಕದ ಕೆಳಗೆ ಹಿಡಿದು ತಾವೇ ಕಳೆದು ನೋಡಿ, "ಈಗ ಸರಿ ಅಳಿಯಂದ್ರೇ" ಅಂದರು. ಎಷ್ಟೋ ದಿನದಿಂದ ಎದೆ ಮೇಲಿದ್ದ ಭಾರ ಇಳಿಯಿತು.

ಇದನ್ನೇ ಮಾಡಲು ಹೊರಟವರಿಗೆ ಇನ್ನೆರಡು ವಿಷಯ. ಟ್ರಕ್ ಸ್ಟಾಪಿನ ಕಟ್ಟೆ ಆಕ್ಸಲ್ ತೂಕ ಹೇಳುತ್ತದೆ, ಎಡ ಎಷ್ಟು ಬಲ ಎಷ್ಟು ಅಂತ ಹೇಳುವುದಿಲ್ಲ. ಅಡುಗೆ ಮನೆ, ಫ್ರಿಜ್, ಸ್ಲೈಡ್ (ನಿಲ್ಲಿಸಿದಾಗ ಹೊರಕ್ಕೆ ಜಾರುವ ಭಾಗ) ಎಲ್ಲ ಒಂದೇ ಕಡೆ ಇರುವ ಟ್ರೇಲರಿನಲ್ಲಿ ಒಂದು ಬದಿಯ ಟೈರ್ ಮಾತ್ರ ಮಿತಿ ಮೀರಿರಬಹುದು. ಒಂದೊಂದು ಚಕ್ರವನ್ನೂ ಬೇರೆಯಾಗಿ ತೂಗಿ ಕೊಡುವ ಸೇವೆ ಇದೆ. ಟೆಕ್ಸಸ್‌ನಲ್ಲಿ ಲಿವಿಂಗ್‌ಸ್ಟನ್ ಊರಿನಲ್ಲಿ ಎಸ್ಕೇಪೀಸ್ ಆರ್‌ವಿ ಕ್ಲಬ್‌ನವರು ಸ್ಮಾರ್ಟ್‌ವೇ ಅಂತ ಇದನ್ನು ಮಾಡುತ್ತಾರೆ. ಆ ಕಡೆ ಹೋದಾಗ ನಾವೂ ಮಾಡಿಸಬೇಕು ಅಂತಿದ್ದೇವೆ.

ಇನ್ನೊಂದು, ಲೈಸೆನ್ಸ್. ಟೆಕ್ಸಸ್‌ನಲ್ಲಿ ಟ್ರಕ್ಕು ಟ್ರೇಲರು ಸೇರಿದ ಮಿತಿ 26,000 ಪೌಂಡ್ ದಾಟಿ, ಟ್ರೇಲರ್ ಮಿತಿ 10,000 ದಾಟಿದ್ದರೆ ಕಮರ್ಷಿಯಲ್ ಅಲ್ಲದ ಕ್ಲಾಸ್ ಎ ಲೈಸೆನ್ಸ್ ಬೇಕು. ನಮ್ಮದು ಅದರೊಳಗಿತ್ತು. ಕ್ಯಾಲಿಫೋರ್ನಿಯಾದಲ್ಲಿ ನಿಯಮ ಇನ್ನೂ ಬಿಗಿ. 10,000 ದಾಟಿದ ಫಿಫ್ತ್ ವೀಲ್‌ಗೆ ನಿಮ್ಮ ಲೈಸೆನ್ಸ್ ಮೇಲೆ ಬೇರೆ ಅನುಮತಿ ಬೇಕು, 15,000 ದಾಟಿದರೆ ಅಲ್ಲೂ ಕ್ಲಾಸ್ ಎ. ಬೇ ಏರಿಯಾದಲ್ಲಿರುವವರು ಕೊಳ್ಳುವ ಮುಂಚೆಯೇ ನೋಡಿಕೊಳ್ಳಿ.

ಖರ್ಚಿನಲ್ಲಿ ತೂಕ ಹಾಕಿಸಿದ್ದು ಲೆಕ್ಕಕ್ಕೇ ಬರುವುದಿಲ್ಲ, ಎಲ್ಲ ಸೇರಿ ಒಂದು ಹೊತ್ತು ಹೊರಗೆ ಊಟ ಮಾಡಿದಷ್ಟು. ದುಡ್ಡು ತಿಂದದ್ದು ಹಿಚ್ ಮತ್ತು ಟೈರ್. ಕೊಳ್ಳುವ ಮುಂಚೆ ಬಾಗಿಲ ಚೀಟಿ ಮತ್ತು ಟ್ರೇಲರಿನ ಗರಿಷ್ಠ ಮಿತಿಯ ಶೇಕಡಾ 20ನ್ನು ಪಕ್ಕಪಕ್ಕ ಇಟ್ಟು ನೋಡಿ. ಜನ, ಹಿಚ್ ಕಳೆದ ಮೇಲೆ ಉಳಿಯುವ ಪೇಲೋಡ್ ಅದಕ್ಕಿಂತ ಕಡಿಮೆ ಇದ್ದರೆ ಮಾರುವವರು ಏನೇ ಹೇಳಲಿ, ಬೇರೆ ಟ್ರೇಲರ್ ನೋಡಿ.

ದಾರಿಯಲ್ಲಿ ಅಮರಿಲ್ಲೊ ಹತ್ತಿರ ಅಡ್ಡಗಾಳಿ ಜೋರಾಗಿತ್ತು. ಹಿಂದಿನ ಕಾರಿನಿಂದ ನೋಡುತ್ತಿದ್ದ ನನಗೆ ಟ್ರೇಲರ್ ಓಲಾಡಿದ್ದು ಕಾಣಲಿಲ್ಲ. ನ್ಯೂ ಮೆಕ್ಸಿಕೋ ದಾಟುವಾಗ ರಟೋನ್ ಪಾಸ್ ಹತ್ತಬೇಕು, 7,834 ಅಡಿ. ಇಳಿಯುವಾಗ ನಮ್ಮವರು ಗೇರ್ ಇಳಿಸಿ, ಎಕ್ಸಾಸ್ಟ್ ಬ್ರೇಕ್ (ಎಂಜಿನ್ನಿನಿಂದಲೇ ವೇಗ ತಗ್ಗಿಸುವ ಏರ್ಪಾಡು) ಹಾಕಿಕೊಂಡು ನಿಧಾನವಾಗಿ ಹೋದರು. ಕೆಳಗೆ ನಿಲ್ಲಿಸಿದಾಗ ಚಕ್ರದ ಹತ್ತಿರ ಸುಟ್ಟ ವಾಸನೆ ಇರಲಿಲ್ಲ.

ಅಪ್ಪ ಅಮ್ಮ ಈಗ ಊರಿಗೆ ವಾಪಸ್ ಹೋಗಿದ್ದಾರೆ. ಮುಂದಿನ ಸಲ ಅವರು ಬರುವ ಹೊತ್ತಿಗೆ ಒಂದು ಟನ್ ಟ್ರಕ್ ತೆಗೆದುಕೊಳ್ಳೋಣ ಅಂತ ನಿಧಾನವಾಗಿ ಹುಡುಕುತ್ತಿದ್ದೇವೆ. ಮೊನ್ನೆ ಒಂದು ನೋಡಿದೆವು, ಬಾಗಿಲ ಚೀಟಿಯಲ್ಲಿ 3,940 ಇತ್ತು. ಫೋಟೋ ತೆಗೆದು ಅಪ್ಪನಿಗೆ ಕಳಿಸಿದೆ. "ಕೊಳ್ಳೋ ಮುಂಚೆ ಖಾಲಿ ಗಾಡೀನ ಒಂದ್ಸಲ ತೂಗಿಸ್ಬಿಡವ್ವ" ಅಂತ ಉತ್ತರ ಬಂತು. ಹಾಗೇ ಮಾಡಿಸುತ್ತೇವೆ.